ಬಯೋಟೆಕ್ ಬಿಎಸ್ಸಿಗೆ ಆರು ಲಕ್ಷ ಸಾಲ: ಕಲಿತು ಮುಗಿದ ಮೇಲೆ ತೀರಿಸ್ಲಿಕ್ಕೆ ಆಗ್ತದಾ?

ಕಾಪು_ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳ ಸೆಕೆಂಡ್ ಪಿಯುಸಿ ಆಯ್ತು. ಪಿಸಿಎಂಬಿ, 91 ಪರ್ಸೆಂಟ್. ನೀಟ್ ಬರೆದಿದ್ದಳು, ಸರಕಾರಿ ಸೀಟು ಸಿಗುವಷ್ಟು ಮಾರ್ಕು ಬರಲಿಲ್ಲ. ಇನ್ನೊಂದು ವರ್ಷ ಕೂತು ಬರೆಯುವ ಮನಸ್ಸು ಅವಳಿಗಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಡಾಕ್ಟರ್ ಆಗುವ ಆಸೆಯೂ ದೊಡ್ಡದಾಗಿ ಇರಲಿಲ್ಲ. ಬಯಾಲಜಿ ಮಾತ್ರ ಪ್ರಾಣ. ಹೈಸ್ಕೂಲಿನಿಂದಲೂ ನೀರು ಇಳಿಯುವ ಹೊತ್ತಿಗೆ ದೀಪಸ್ತಂಭದ ಕೆಳಗಿನ ಬಂಡೆಗಳಿಗೆ ಹೋಗಿ, ಸಂದಿನಲ್ಲಿ ಉಳಿದ ಏಡಿ, ಶಂಖ, ಪಚ್ಚಿಲೆಗಳ ಫೋಟೋ ತೆಗೆದು ಹೆಸರು ಹುಡುಕಿ ಪುಸ್ತಕದಲ್ಲಿ ಬರೆದಿಡ್ತಾಳೆ.

ಈಗ ಮಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿ ಬಯೋಟೆಕ್ನಾಲಜಿ ಸೀಟು ಕೊಡ್ತೇವೆ ಅಂತ ಹೇಳಿದ್ದಾರೆ. ಫೀಸು, ಹಾಸ್ಟೆಲು ಎಲ್ಲ ಸೇರಿ ವರ್ಷಕ್ಕೆ ಎರಡು ಲಕ್ಷ. ಮೂರು ವರ್ಷಕ್ಕೆ ಆರು. ಇಲ್ಲದಿದ್ದರೆ ಉಡುಪಿಯ ಸರಕಾರಿ ಕಾಲೇಜಿನಲ್ಲಿ ಬಿಎಸ್ಸಿ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರಬಹುದು. ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವವ, ಮನೆಯವಳು ಹೊಲಿಗೆ ಮಾಡ್ತಾಳೆ. ಆದಾಯ ಪ್ರಮಾಣಪತ್ರದಲ್ಲಿ ನಾಲ್ಕು ಲಕ್ಷ ಉಂಟು. ಮನೆ ಸಾಲದ ಕಂತು ಇನ್ನೂ ಮುಗಿದಿಲ್ಲ. ಎಜುಕೇಶನ್ ಲೋನ್ ಮಾಡದೆ ಖಾಸಗಿ ಕಾಲೇಜು ಸಾಧ್ಯವೇ ಇಲ್ಲ. ಬಯಾಲಜಿ ಕಲಿತವರಿಗೆ ನಮ್ಮ ಕಡೆ ಎಷ್ಟು ಸಂಬಳ ಸಿಗ್ತದೆ, ಆ ಸಂಬಳದಲ್ಲಿ ಸಾಲ ತೀರ್ತದಾ? ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ನಿವೃತ್ತ_ಮ್ಯಾನೇಜರ್:
ನಾನು ಸಿಂಡಿಕೇಟ್ ಬ್ಯಾಂಕಿನವ. 2020ರ ಏಪ್ರಿಲ್‌ನಲ್ಲಿ ಅದು ಕೆನರಾದೊಂದಿಗೆ ವಿಲೀನವಾದ ಮೇಲೆ ನಿವೃತ್ತನಾದೆ. ಎಜುಕೇಶನ್ ಲೋನ್ ಫೈಲುಗಳನ್ನು ತುಂಬಾ ನೋಡಿದ್ದೇನೆ, ಹಾಗಾಗಿ ಮೊದಲು ಲೆಕ್ಕ ಹೇಳ್ತೇನೆ. ಬಡ್ಡಿ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗ್ತದೆ, ಲೆಕ್ಕಕ್ಕೆ ಶೇ. 10 ಇಟ್ಟುಕೊಳ್ಳುವ.

ಪ್ರತಿ ವರ್ಷದ ಆರಂಭಕ್ಕೆ ಎರಡೆರಡು ಲಕ್ಷ ಎತ್ತುತ್ತೀರಿ. ಓದುವ ಮೂರು ವರ್ಷ ಮತ್ತು ಆಮೇಲೆ ಒಂದು ವರ್ಷ ಕಂತು ಇಲ್ಲ. ಆದರೆ ಬಡ್ಡಿ ಓಡ್ತಾ ಇರ್ತದೆ, ಸರಳ ಬಡ್ಡಿ. ಮೊದಲ ವರ್ಷ 20,000, ಎರಡನೇ ವರ್ಷ 40,000, ಮೂರನೆಯದಕ್ಕೆ 60,000, ಕಂತು ಇಲ್ಲದ ಆ ನಾಲ್ಕನೇ ವರ್ಷಕ್ಕೂ 60,000. ಒಟ್ಟು 1.8 ಲಕ್ಷ. ಅಂದರೆ ಕಂತು ಶುರುವಾಗುವ ದಿನ ನಿಮ್ಮ ಸಾಲ ಆರಲ್ಲ, 7.8 ಲಕ್ಷ. ಹತ್ತು ವರ್ಷದ ಅವಧಿ ಹಾಕಿದರೆ ತಿಂಗಳಿಗೆ ಸುಮಾರು 10,300. ಹದಿನೈದು ವರ್ಷ ಹಾಕಿದರೆ ಸುಮಾರು 8,400. ಕಂತು ಕಡಿಮೆ ಅಂತ ಹದಿನೈದು ವರ್ಷಕ್ಕೆ ಹೋಗುವವರು ಜಾಸ್ತಿ. ಆದರೆ ಹತ್ತು ವರ್ಷದಲ್ಲಿ ಕಟ್ಟುವುದು 12.4 ಲಕ್ಷ, ಹದಿನೈದರಲ್ಲಿ 15 ಲಕ್ಷ ದಾಟ್ತದೆ.

ಓದುವಾಗಲೇ ಬಡ್ಡಿ ಮಾತ್ರ ತಿಂಗಳು ತಿಂಗಳು ಕಟ್ಟಿಕೊಂಡು ಬಂದರೆ (ಮೊದಲ ವರ್ಷ ತಿಂಗಳಿಗೆ 1,700ರ ಹತ್ತಿರ, ಕೊನೆಗೆ 5,000) ಕಂತು 7,900ಕ್ಕೆ ಇಳಿಯುತ್ತದೆ, ಒಟ್ಟಿನಲ್ಲಿ ಒಂದು ಲಕ್ಷದಷ್ಟು ಉಳಿಯುತ್ತದೆ. ನಿಮ್ಮ ಕೈಲಿ ಆದರೆ ಅದನ್ನು ಖಂಡಿತ ಮಾಡಿ.

7.5 ಲಕ್ಷದವರೆಗೆ ಆಸ್ತಿ ಅಡವು ಇಡಬೇಕಿಲ್ಲ. ಆದರೆ ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕ್ಬೇಕು. ಕಂತು ತಪ್ಪಿದರೆ ಮಗಳ ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಮಾತ್ರ ಅಲ್ಲ, ನಿಮ್ಮದೂ ಕೆಡುತ್ತದೆ. ನಾಳೆ ಮನೆ ರಿಪೇರಿಗೆ ಸಾಲ ಕೇಳಲು ಹೋದರೂ ಅದು ಅಡ್ಡ ಬರ್ತದೆ.

ಮಲ್ಪೆ_ಲ್ಯಾಬ್:
ಅಣ್ಣ, ನಾನು ಬಿಎಸ್ಸಿ ಮೈಕ್ರೋಬಯಾಲಜಿ. ಮೀನು ರಫ್ತು ಮಾಡುವ ಒಂದು ಘಟಕದ ಲ್ಯಾಬಿನಲ್ಲಿ ಇದ್ದೇನೆ. ಬೆಳಿಗ್ಗೆ ಹೋದ ಕೂಡಲೇ ಇನ್‌ಕ್ಯುಬೇಟರಿನಿಂದ ಪ್ಲೇಟುಗಳನ್ನು ತೆಗೆದು ಬ್ಯಾಕ್ಟೀರಿಯಾದ ಕಾಲನಿ ಎಣಿಸಿ ರಿಜಿಸ್ಟರಿಗೆ ಬರೆಯುವುದು. ಆಮೇಲೆ ಹೊಸ ಲಾಟಿನಿಂದ 25 ಗ್ರಾಂ ಮೀನು ತೂಗಿ 225 ಮಿಲಿ ಪೆಪ್ಟೋನ್ ನೀರಿಗೆ ಹಾಕಿ ಸಾಲ್ಮೊನೆಲ್ಲಾ ಪರೀಕ್ಷೆ ಶುರು ಮಾಡುವುದು. ಕೆಲಸದವರ ಕೈ, ಮೇಜು, ಐಸು, ನೀರು ಎಲ್ಲದರ ಸ್ವ್ಯಾಬ್ ತೆಗೆಯಬೇಕು. ಬಂಗುಡೆ ಬಂದರೆ ಹಿಸ್ಟಮೈನ್ (ಮೀನು ಕೆಟ್ಟಾಗ ಹುಟ್ಟುವ ವಿಷ) ನೋಡಬೇಕು. ಒಂದು ಪ್ಲೇಟಿನಲ್ಲಿ ಸಂಶಯ ಬಂದರೆ ಇಡೀ ಕಂಟೇನರ್ ನಿಲ್ಲುತ್ತದೆ. ಅಂಥ ಜವಾಬ್ದಾರಿಯ ಕೆಲಸ ಇದು.

ಸೇರಿದಾಗ ಕೈಗೆ ಬಂದ ಸಂಬಳ 14,500. ಐದು ವರ್ಷ ಆದ ಮೇಲೆ ಈಗ 24,000. ಜೂನ್, ಜುಲೈ ಟ್ರಾಲಿಂಗ್ ನಿಷೇಧದ ಎರಡು ತಿಂಗಳು ಕೆಲಸ ಕಡಿಮೆ, ಓಟಿ ಇಲ್ಲವೇ ಇಲ್ಲ. ಮ್ಯಾನೇಜರ್ ಸರ್ ಹೇಳಿದ 10,300 ಕಂತು ನನಗೆ ಮೊದಲ ವರ್ಷ ಇದ್ದಿದ್ದರೆ ಕೈಲಿ ಉಳಿಯುವುದು 4,200. ಮನೆಯಿಂದ ಊಟ ಕಟ್ಟಿಕೊಂಡು ಹೋದರೂ ಬಸ್ಸಿಗೆ, ಮೊಬೈಲಿಗೆ ಅದು ಮುಗಿಯುತ್ತದೆ. ನಾನು ಸರಕಾರಿ ಕಾಲೇಜಿನಲ್ಲಿ ಕಲಿತದ್ದು, ಸಾಲ ಇರಲಿಲ್ಲ. ಹಾಗಾಗಿ ಕೆಲಸ ಖುಷಿಯಿಂದ ಮಾಡ್ತಾ ಇದ್ದೇನೆ. ನನ್ನ ಜೊತೆ ಸೇರಿದ ಇಬ್ಬರು ಖಾಸಗಿಯಲ್ಲಿ ಕಲಿತವರು. ಸಂಬಳ ಮೂವರಿಗೂ ಒಂದೇ. ಇಂಟರ್‌ವ್ಯೂನಲ್ಲಿ ಯಾವ ಕಾಲೇಜು ಅಂತ ಕೇಳಿದ್ದೂ ಇಲ್ಲ, ಗ್ರಾಮ್ ಸ್ಟೇನಿಂಗ್ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಗುರುತಿಸುವುದು) ಮಾಡಿ ತೋರಿಸು ಅಂತ ಹೇಳಿದ್ರು.

ಬೆಂದೂರ್_ಅಕ್ಕ:
ನೀವೆಲ್ಲ ಸಂಬಳದ ಮೇಲೆಯೇ ಮಾತಾಡ್ತಾ ಇದ್ದೀರಿ. ಬಂಡೆ ಮೇಲೆ ಕೂತು ಏಡಿ ನೋಡುವ ಮಗುವಿಗೆ ಒಳ್ಳೆಯ ಲ್ಯಾಬು, ಒಳ್ಳೆಯ ಲೈಬ್ರರಿ, ಹೊರಗಿನಿಂದ ಬಂದು ಮಾತಾಡುವ ವಿಜ್ಞಾನಿಗಳು ಸಿಗಬೇಕು ಅಲ್ವಾ? ನನ್ನ ತಂಗಿ ಮಗಳು ಕಲಿತ ಕಡೆ ಡಿಎನ್‌ಎ ಪ್ರತಿಗಳನ್ನು ಮಾಡುವ ಪಿಸಿಆರ್ ಮೆಷಿನನ್ನು ಗಾಜಿನ ಹೊರಗಿನಿಂದ ತೋರಿಸಿದ್ದು ಅಷ್ಟೇ, ಮುಟ್ಟಲು ಬಿಡಲಿಲ್ಲ. ಹತ್ತು ಜನಕ್ಕೆ ಒಂದು ಮೈಕ್ರೋಸ್ಕೋಪ್. ಅದು ಕಲಿಕೆಯಾ? ಸಾಲ ಆದರೂ ಪರವಾಗಿಲ್ಲ, ಕಲಿಯುವುದು ಸರಿಯಾಗಿ ಕಲಿಯಲಿ ಅಂತ ನನ್ನ ಅಭಿಪ್ರಾಯ.

ಕೊಣಾಜೆ_ಸಂಶೋಧಕಿ:
ಬೆಂದೂರ್ ಅಕ್ಕ ಹೇಳಿದ ಮಾತನ್ನು ನಾನು ತಳ್ಳಿ ಹಾಕುವುದಿಲ್ಲ. ಕೈ ಪಳಗದಿದ್ದರೆ ಬಯಾಲಜಿಯಲ್ಲಿ ಏನೂ ಇಲ್ಲ. ಆದರೆ ಫೀಸು ಜಾಸ್ತಿ ಇದ್ದ ಕಡೆ ಕೈಗೆ ಪಿಪೆಟ್ ಸಿಗ್ತದೆ ಅಂತ ಏನೂ ಇಲ್ಲ. ಕಾಪು ಅಣ್ಣ, ಸೀಟು ಕಟ್ಟುವ ಮೊದಲು ಮಗಳನ್ನು ಕರ್ಕೊಂಡು ಎರಡೂ ಕಾಲೇಜಿನ ಲ್ಯಾಬಿಗೆ ಹೋಗಿ. ಫೈನಲ್ ಇಯರ್ ಮಕ್ಕಳ ರೆಕಾರ್ಡ್ ಪುಸ್ತಕ ತೋರಿಸಿ ಅಂತ ಕೇಳಿ. ಡಿಎನ್‌ಎ ಬೇರ್ಪಡಿಸಿದ ಪ್ರಯೋಗದಲ್ಲಿ ಅವರದೇ ಜೆಲ್‌ನ ಫೋಟೋ ಅಂಟಿಸಿದ್ದಾರಾ, ಅಥವಾ ಎಲ್ಲರ ಪುಸ್ತಕದಲ್ಲೂ ಒಂದೇ ಚಿತ್ರ ಉಂಟಾ ನೋಡಿ. ಅದೊಂದರಿಂದಲೇ ತುಂಬಾ ಗೊತ್ತಾಗ್ತದೆ.

ಇನ್ನು ಮುಖ್ಯ ವಿಷಯ. ನಾನು ಬಿಎಸ್ಸಿ ಊರಲ್ಲಿ, ಎಂಎಸ್ಸಿ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮಾಡಿ ಈಗ ಪಿಎಚ್‌ಡಿ ಮಾಡ್ತಾ ಇದ್ದೇನೆ. ಬಿಎಸ್ಸಿ ಬಯೋಟೆಕ್, ಮೈಕ್ರೋ, ಸಿಬಿಝೆಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಯಾವುದೇ ಆಗಲಿ, ಅದು ಅರ್ಧ ದಾರಿ. ಸಾಲದ ಲೆಕ್ಕವನ್ನು ಎಲ್ಲರೂ ಮೂರು ವರ್ಷಕ್ಕೆ ಹಾಕ್ತಾರೆ. ಬಯಾಲಜಿಗೆ ಅದನ್ನು ಐದು ವರ್ಷಕ್ಕೆ ಹಾಕಲೇಬೇಕು, ಯಾಕೆಂದರೆ ಹೇಳಿಕೊಳ್ಳುವಂಥ ಸಂಬಳ ಶುರುವಾಗುವುದು ಎಂಎಸ್ಸಿಯ ಆಚೆಗೆ. ಎಂಜಿನಿಯರಿಂಗಿನ ಲೆಕ್ಕವನ್ನು ಇಲ್ಲಿಗೆ ತಂದರೆ ಮೋಸ ಹೋಗ್ತೇವೆ. ಅಲ್ಲಿ ನಾಲ್ಕು ವರ್ಷಕ್ಕೆ ಡಿಗ್ರಿ ಮುಗಿದು ಕೆಲಸಕ್ಕೆ ಹೋಗಬಹುದು. ಇಲ್ಲಿ ಮೂರು ವರ್ಷಕ್ಕೆ ಮುಗಿಸಿ ಹೊರಟವರಿಗೆ ಸಿಗುವುದು ಮಲ್ಪೆ ಅಣ್ಣ ಹೇಳಿದ ಸಂಬಳ.

ಎಂಎಸ್ಸಿ ಆದ ಮೇಲೆ ಸಿಎಸ್‌ಐಆರ್ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಸಿಗುವ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ಮತ್ತು ಮನೆಬಾಡಿಗೆ ಭತ್ಯೆ, ಎರಡು ವರ್ಷದ ನಂತರ 42,000. ಇದು 2023ರ ಜನವರಿಯಿಂದ ಜಾರಿಯಾದ ದರ. ಆದರೆ ಲೈಫ್ ಸೈನ್ಸಸ್‌ನಲ್ಲಿ ಬರೆಯುವವರ ಸಾಲು ಬಹಳ ಉದ್ದ, ಜೆಆರ್‌ಎಫ್ ಪಟ್ಟಿ ಸಣ್ಣದು. ಒಂದೇ ಸಲಕ್ಕೆ ಪಾಸಾಗುವವರು ಕಡಿಮೆ. ಆ ಬರೆಯುವ ವರ್ಷಗಳಲ್ಲಿ ತಲೆ ಮೇಲೆ ಕಂತು ಇರಬಾರದು. ನನ್ನ ಕ್ಲಾಸಿನಲ್ಲಿ ನನಗಿಂತ ಚೆನ್ನಾಗಿ ಓದುತ್ತಿದ್ದ ಒಬ್ಬಳು ಎರಡನೇ ಸಲ ನೆಟ್ ಬರೆಯುವ ಮೊದಲೇ ಮೆಡಿಕಲ್ ಕೋಡಿಂಗ್ ಕಂಪನಿಗೆ ಸೇರಿದಳು. ಕಂತು ಶುರುವಾಗಿತ್ತು, ಬೇರೆ ದಾರಿ ಇರಲಿಲ್ಲ. ಅವಳ ವಿಷಯ ನೆನಪಾದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿವೃತ್ತ_ಮ್ಯಾನೇಜರ್:
ಇವರು ಹೇಳಿದ್ದು ಸರಿ. ಐದು ವರ್ಷದ ಲೆಕ್ಕವನ್ನೂ ಹಾಕಿ ಬಿಡ್ತೇನೆ. ಎಂಎಸ್ಸಿಗೆ ಸೇರಿದರೆ ಬ್ಯಾಂಕು ಕಂತನ್ನು ಮುಂದೂಡಬಹುದು, ಟಾಪ್-ಅಪ್ ಸಾಲವನ್ನೂ ಕೊಡಬಹುದು. ಬಡ್ಡಿ ನಿಲ್ಲುವುದಿಲ್ಲ. ಒಂದು ರೂಪಾಯಿ ಹೊಸ ಸಾಲ ಮಾಡದಿದ್ದರೂ ಆ ಎರಡು ವರ್ಷಕ್ಕೆ 1.2 ಲಕ್ಷ ಬಡ್ಡಿ ಸೇರಿ 7.8 ಲಕ್ಷ 9 ಲಕ್ಷ ಆಗ್ತದೆ. ಹತ್ತು ವರ್ಷದ ಕಂತು 11,900.

ಬಡ್ಡಿ ಸಬ್ಸಿಡಿ ಬಗ್ಗೆ ಕಾಲೇಜಿನವರು ಬಾಯಿ ಮಾತಿಗೆ "ಎಲ್ಲ ಸಿಗ್ತದೆ" ಅಂತಾರೆ, ಅದನ್ನು ನಂಬಿ ಕೂರಬೇಡಿ. ಕುಟುಂಬದ ಆದಾಯ 4.5 ಲಕ್ಷದ ಒಳಗೆ ಇದ್ದರೆ ಓದುವ ಅವಧಿಯ ಪೂರ್ತಿ ಬಡ್ಡಿ ಕೇಂದ್ರ ಸರಕಾರ ಕೊಡುವ ಯೋಜನೆ ಉಂಟು, ಆದರೆ ಅದು ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ. ಬಿಎಸ್ಸಿ ಅದರಲ್ಲಿ ಬರ್ತದಾ ಅಂತ ಬ್ರಾಂಚಿನಲ್ಲಿ ಮೊದಲೇ ಕೇಳಿ. 2024ರ ನವೆಂಬರಿನಲ್ಲಿ ಒಪ್ಪಿಗೆಯಾದ ಪಿಎಂ-ವಿದ್ಯಾಲಕ್ಷ್ಮಿಯಲ್ಲಿ 8 ಲಕ್ಷದವರೆಗೆ ಆದಾಯ ಇದ್ದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಉಂಟು. ಆದರೆ ಕಾಲೇಜು ಅವರ ಪಟ್ಟಿಯಲ್ಲಿ ಇರಬೇಕು, ಮೊದಲು ಮಾಡಿದ ಪಟ್ಟಿಯಲ್ಲಿ ಇದ್ದದ್ದು ದೇಶದಲ್ಲೇ 860 ಸಂಸ್ಥೆಗಳು. ಮಗಳಿಗೆ ಸೀಟು ಕೊಡುವ ಕಾಲೇಜು ಅದರಲ್ಲಿ ಉಂಟಾ ಪೋರ್ಟಲಿನಲ್ಲಿ ನೋಡಿ. ಎಜುಕೇಶನ್ ಲೋನ್ ಬಡ್ಡಿಗೆ 80ಇ ತೆರಿಗೆ ವಿನಾಯಿತಿ ಉಂಟು ಅಂತ ಯಾರಾದರೂ ಹೇಳಿದರೆ ಅದು ತೆರಿಗೆ ಕಟ್ಟುವಷ್ಟು ಸಂಬಳ ಬಂದ ಮೇಲಿನ ಮಾತು, ಅದೂ ಹಳೇ ಪದ್ಧತಿಯಲ್ಲಿ ಮಾತ್ರ.

ಶಿಕಾಗೋ_ಮಂಗಳೂರಿಗ:
ಇಲ್ಲಿ ಅಮೆರಿಕದಲ್ಲಿ ಸರಕಾರವೇ 2013ರಿಂದ ಕಾಲೇಜ್ ಸ್ಕೋರ್‌ಕಾರ್ಡ್ ಅಂತ ಒಂದು ವೆಬ್‌ಸೈಟ್ ನಡೆಸ್ತದೆ. ಈಗ ಅದರಲ್ಲಿ ಕಾಲೇಜು ಮಾತ್ರ ಅಲ್ಲ, ಕೋರ್ಸುವಾರು ಮಧ್ಯಮ ಸಾಲ (ಅಂದರೆ ಅರ್ಧ ಜನರದ್ದು ಅದಕ್ಕಿಂತ ಕಡಿಮೆ, ಅರ್ಧ ಜನರದ್ದು ಜಾಸ್ತಿ) ಎಷ್ಟು, ಕಲಿತವರ ಮಧ್ಯಮ ಗಳಿಕೆ ಎಷ್ಟು ಅಂತ ನೋಡಬಹುದು. ಬಯಾಲಜಿ ಡಿಗ್ರಿ ಇಲ್ಲಿಯೂ ಬೇಗ ಸಂಬಳ ತರುವ ಡಿಗ್ರಿ ಅಲ್ಲ. ಮೆಡಿಕಲ್ಲಿಗೋ ಪಿಎಚ್‌ಡಿಗೋ ಮೆಟ್ಟಿಲು ಅಂತ ಸೇರಿ, ಮಧ್ಯದಲ್ಲಿ ನಿಂತವರು ಸಾಲದ ಜೊತೆ ಒದ್ದಾಡುವುದನ್ನು ನೋಡ್ತಾ ಇದ್ದೇನೆ. ಊರಿನಲ್ಲಿ ಅಂಥ ಮಾಹಿತಿ ಎಲ್ಲಿ ಸಿಗ್ತದೆ?

ಕೊಣಾಜೆ_ಸಂಶೋಧಕಿ:
ಕೋರ್ಸುವಾರು ಇಲ್ಲ. ಆದರೆ ಕೇಂದ್ರ ಸರಕಾರದ ಎನ್‌ಐಆರ್‌ಎಫ್ ಕಾಲೇಜು ರ‍್ಯಾಂಕಿಂಗಿಗೆ ಅರ್ಜಿ ಹಾಕಿದ ಕಾಲೇಜುಗಳು ತಾವು ಕೊಟ್ಟ ವಿವರವನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ಅದರಲ್ಲಿ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಸರಿಯಾದ ಸಮಯಕ್ಕೆ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಮಧ್ಯಮ ಸಂಬಳ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು ಎಲ್ಲವೂ ಇರ್ತದೆ. ಕಾಪು ಅಣ್ಣ, ಅದನ್ನು ತೆಗೆದು ನೋಡಿ.

ಕಾಪು_ಅಪ್ಪ:
ನಿನ್ನೆ ರಾತ್ರಿ ಮಗಳೇ ಹುಡುಕಿ ತೆಗೆದಳು ಮೇಡಂ. ಸಂಬಳ ನೋಡಿದರೆ ಒಳ್ಳೆಯದುಂಟು. ಆದರೆ ಅದು ಬಿಕಾಂ, ಬಿಸಿಎ, ಬಿಎಸ್ಸಿ ಎಲ್ಲ ಸೇರಿಸಿ ಮೂರು ವರ್ಷದ ಡಿಗ್ರಿ ಅಂತ ಒಂದೇ ಸಾಲಿನಲ್ಲಿ ಕೊಟ್ಟಿದ್ದಾರೆ. ಬಯೋಟೆಕ್ ಮಕ್ಕಳದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ.

ಕೊಣಾಜೆ_ಸಂಶೋಧಕಿ:
ಹೌದು, ಅದೇ ತೊಂದರೆ. ಬಿಸಿಎಯವರ ಸಾಫ್ಟ್‌ವೇರ್ ಸಂಬಳ ಅದರಲ್ಲಿ ಸೇರಿರ್ತದೆ. ಡಿಪಾರ್ಟ್‌ಮೆಂಟಿಗೆ ಹೋಗಿ ಹಿಂದಿನ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂತ ಎಚ್‌ಓಡಿ ಹತ್ತಿರ ಕೇಳಿ. ಒಳ್ಳೆಯ ಡಿಪಾರ್ಟ್‌ಮೆಂಟಿನವರಿಗೆ ಮಕ್ಕಳ ಹೆಸರು ಹೇಳಿದರೆ ಎಲ್ಲಿದ್ದಾರೆ ಅಂತ ಬಾಯಲ್ಲೇ ಇರ್ತದೆ. "ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್" ಅಂತ ಬ್ರೋಶರ್ ಕೈಗೆ ಕೊಟ್ಟರೆ ಎದ್ದು ಬನ್ನಿ.

ಕುಂದಾಪ್ರ_ಮೇಷ್ಟ್ರು:
ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುವವ. ಪಾಠ ಮಾಡುವ ದಾರಿ ಹಿಡಿದರೆ ಹೈಸ್ಕೂಲಿಗೆ ಬಿಎಸ್ಸಿ ಮೇಲೆ ಎರಡು ವರ್ಷದ ಬಿಎಡ್, ಪಿಯುಗೆ ಎಂಎಸ್ಸಿಯೂ ಬಿಎಡ್ಡೂ ಬೇಕು. ಅಂದರೆ ಏಳು ವರ್ಷ. ಸರಕಾರಿ ನೇಮಕಾತಿ ಯಾವಾಗ ಕರೆಯುತ್ತಾರೆ ಅಂತ ಯಾರಿಗೂ ಗೊತ್ತಿಲ್ಲ, ಅಲ್ಲಿಯವರೆಗೆ ಅತಿಥಿ ಉಪನ್ಯಾಸಕರ ಸಂಬಳದಲ್ಲಿ ದಿನ ದೂಡಬೇಕು. ಮಕ್ಕಳಿಗೆ ಕಲಿಸುವ ಆಸೆ ಇದ್ದರೆ ಖಂಡಿತ ಬನ್ನಿ, ಈ ಕೆಲಸದಷ್ಟು ತೃಪ್ತಿ ಕೊಡುವ ಕೆಲಸ ನಾ ಕಾಣೆ. ಆದರೆ ಸಾಲ ಹೊತ್ತುಕೊಂಡು ಬರುವ ದಾರಿ ಇದಲ್ಲ ಮಾರಾಯ್ರೆ.

ಒಂದು ವಿಷಯ ಯಾರೂ ಹೇಳಲಿಲ್ಲ. ಡಿಗ್ರಿಯಲ್ಲಿ ಯಾವ ವಿಷಯ ಅಂತ ಬರೆದಿರ್ತದೆ ಅನ್ನುವುದು ನೇಮಕಾತಿಯಲ್ಲಿ ಲೆಕ್ಕಕ್ಕೆ ಬರ್ತದೆ. ಫುಡ್ ಸೇಫ್ಟಿ ಆಫೀಸರ್ ಹುದ್ದೆಗೆ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ ಡಿಗ್ರಿ ನಡೆಯುತ್ತದೆ. ಬರೀ ಬಾಟನಿ, ಝೂವಾಲಜಿಯವರ ಹೆಸರು ಆ ಪಟ್ಟಿಯಲ್ಲಿಲ್ಲ. ನನ್ನ ಹಳೇ ವಿದ್ಯಾರ್ಥಿಗಳು ಅರ್ಜಿ ಹಾಕುವ ದಿನ ಇದು ಗೊತ್ತಾಗಿ ಬಂದು ಕೇಳ್ತಾರೆ. ಈಗಲೇ ನೋಡಿಕೊಳ್ಳಿ. ಸರಕಾರಿ ಕಾಲೇಜಿಗೆ ಹೋಗುವುದಾದರೆ ಮೈಕ್ರೋಬಯಾಲಜಿ ಇರುವ ಕಾಂಬಿನೇಷನ್ ಸಿಗ್ತದಾ ವಿಚಾರಿಸಿ. ರಾಜ್ಯ ಸರಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಸ್ಕಾಲರ್‌ಶಿಪ್ ಅರ್ಜಿಯನ್ನೂ ತಪ್ಪದೆ ಹಾಕಿ, ಕೊನೇ ದಿನಕ್ಕೆ ಇಡಬೇಡಿ.

ಬೆಂದೂರ್_ಅಕ್ಕ:
ಸರಕಾರಿ ಕಾಲೇಜಿಗೆ ಹೋದರೆ ಖರ್ಚೇ ಇಲ್ಲ ಅಂತ ಹೇಳಬೇಡಿ. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಂತ ಬೆಂಗಳೂರಿನವರು ಹೇಳ್ತಾರೆ. ಕಾಪುವಿನಿಂದ ಉಡುಪಿಗೆ ಹೆಚ್ಚಿನ ಬಸ್ಸು ಖಾಸಗಿ, ಶಕ್ತಿ ಯೋಜನೆ ಅದಕ್ಕೆ ಇಲ್ಲ. ಪಾಸು ಮಾಡಿಸಲೇಬೇಕು.

ಕಾಪು_ಅಪ್ಪ:
ಅದು ನಿಜ ಅಕ್ಕ. ಆದರೂ ಹಾಸ್ಟೆಲಿನ ಮುಂದೆ ಬಸ್ ಪಾಸು ದೊಡ್ಡ ಖರ್ಚಲ್ಲ.

ಎಕ್ಕೂರು_ಮತ್ಸ್ಯ:
ತಡವಾಗಿ ನೋಡಿದೆ. ಕಡಲಿನ ಜೀವಿಗಳ ಮೇಲೆ ಇಷ್ಟು ಆಸಕ್ತಿ ಇರುವ ಹುಡುಗಿಗೆ ಇಷ್ಟು ಜನರಲ್ಲಿ ಒಬ್ಬರೂ ಫಿಶರೀಸ್ ಕಾಲೇಜಿನ ಹೆಸರು ಹೇಳಲಿಲ್ಲವಲ್ಲ! ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ 1969ರಿಂದ ಉಂಟು, ಈಗ ಬೀದರಿನ ಪಶುವೈದ್ಯ ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದ ಕೆಳಗೆ ಬರ್ತದೆ. ಸರಕಾರಿ ಕಾಲೇಜು. ಅಲ್ಲಿನ ಡಿಗ್ರಿ ಬಿಎಫ್‌ಎಸ್ಸಿ (ಮೀನುಗಾರಿಕಾ ವಿಜ್ಞಾನ) ನಾಲ್ಕು ವರ್ಷ, ಸಿಇಟಿ ಮೂಲಕ ಸೀಟು. ಮಗಳು ಸಿಇಟಿ ಬರೆದಿದ್ದಾಳಾ?

ನಾನು ಅಲ್ಲಿ ಕಲಿತವ. ಮೀನಿನ ಶರೀರ ರಚನೆಯಿಂದ ಹಿಡಿದು ಸಾಕಣೆ, ರೋಗ, ಸಂಸ್ಕರಣೆ, ಸಮುದ್ರ ವಿಜ್ಞಾನದವರೆಗೆ ಎಲ್ಲ ಉಂಟು. ಕೊನೆಗೆ ಹ್ಯಾಚರಿ, ಸಂಸ್ಕರಣಾ ಘಟಕಗಳಲ್ಲಿ ತರಬೇತಿ. ಮುಖ್ಯ ಏನೆಂದರೆ ಇದು ವೃತ್ತಿಪರ ಡಿಗ್ರಿ. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಕೇಳುವ ನಾಲ್ಕು ವರ್ಷದ ಡಿಗ್ರಿಗಳ ಪಟ್ಟಿಯಲ್ಲಿ ಮೀನುಗಾರಿಕಾ ವಿಜ್ಞಾನ ಉಂಟು. ಮೂರು ವರ್ಷದ ಬಯೋಟೆಕ್ ಬಿಎಸ್ಸಿಗೆ ಅಲ್ಲಿ ಜಾಗ ಇಲ್ಲ. ಮೀನುಗಾರಿಕೆ ಇಲಾಖೆ, ಸೀಗಡಿ ಹ್ಯಾಚರಿ, ಮೀನಿನ ಆಹಾರ ತಯಾರಿಸುವ ಕಂಪನಿಗಳು ನಮ್ಮವರನ್ನು ತಗೊಳ್ತವೆ. ಸಂಶೋಧನೆಗೆ ಹೋಗುವುದಾದರೆ ಎಂಎಫ್‌ಎಸ್ಸಿ ಮಾಡಬಹುದು, ಕಡಲ ಮೀನುಗಾರಿಕೆಯ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಯ ಕೇಂದ್ರ ಮಂಗಳೂರಿನಲ್ಲೇ ಉಂಟು.

ಕಾಪು_ಅಪ್ಪ:
ಸಿಇಟಿ ಬರೆದಿದ್ದಾಳೆ ಸರ್. ಆದರೆ ಫಿಶರೀಸ್ ಅಂದರೆ ಮೀನು ಹಿಡಿಯುವವರ ಕೋರ್ಸು ಅಂತ ನಾವು ಆ ಕಡೆ ನೋಡಿಯೇ ಇರಲಿಲ್ಲ. ಒಂದು ಸಂಶಯ ಉಂಟು. ಅವಳಿಗೆ ಇಷ್ಟ ಇರುವುದು ಬಂಡೆ ಮೇಲಿನ ಜೀವಿಗಳು, ಸೀಗಡಿ ಸಾಕುವುದಲ್ಲ. ಅಲ್ಲಿಗೆ ಸೇರಿ ಬೇಜಾರಾದರೆ?

ಎಕ್ಕೂರು_ಮತ್ಸ್ಯ:
ಒಳ್ಳೆಯ ಪ್ರಶ್ನೆ. ಕೋರ್ಸಿನ ಹೆಚ್ಚಿನ ಭಾಗ ಉತ್ಪಾದನೆಗೆ ಸಂಬಂಧಿಸಿದ್ದೇ. ಮೆರೈನ್ ಬಯಾಲಜಿ ಮಾತ್ರವೇ ಬೇಕು ಅಂತ ಅವಳು ಗಟ್ಟಿಯಾಗಿ ಹೇಳುವುದಾದರೆ ಬಿಎಸ್ಸಿಯಲ್ಲಿ ಝೂವಾಲಜಿ ತಗೊಂಡು, ಕಾರವಾರದ ಕೋಡಿಬಾಗದಲ್ಲಿ ಇರುವ ಕರ್ನಾಟಕ ವಿಶ್ವವಿದ್ಯಾಲಯದ ಮೆರೈನ್ ಬಯಾಲಜಿ ವಿಭಾಗಕ್ಕೆ ಎಂಎಸ್ಸಿಗೆ ಹೋಗಬಹುದು. ಅದೂ ಸರಕಾರಿ. ಒಂದು ದಿನ ಅವಳನ್ನು ಕರ್ಕೊಂಡು ಎಕ್ಕೂರಿನ ನಮ್ಮ ಫಿಶರೀಸ್ ಕಾಲೇಜಿಗೆ ಬನ್ನಿ, ಅಲ್ಲಿ ಕಲಿಯುವ ಹುಡುಗಿಯರ ಹತ್ತಿರ ಅವಳೇ ಮಾತಾಡಲಿ.

ಮಲ್ಪೆ_ಲ್ಯಾಬ್:
ನಮ್ಮ ಘಟಕದಲ್ಲಿ ಪ್ರೊಡಕ್ಷನ್ ಮ್ಯಾನೇಜರ್ ಬಿಎಫ್‌ಎಸ್ಸಿಯವರೇ. ನನಗಿಂತ ಎರಡು ವರ್ಷ ಸಣ್ಣವರು.

ಕೊಣಾಜೆ_ಸಂಶೋಧಕಿ:
ಬಯೋಟೆಕ್ ಬೇಡ ಅಂತ ನಾನು ಹೇಳ್ತಾ ಇಲ್ಲ, ಅದು ನನ್ನದೇ ವಿಷಯ. ಬಿಎಸ್ಸಿಯನ್ನು ಸಾಲವಿಲ್ಲದೆ ಮುಗಿಸಿ, ಅಪ್ಪ ಅಮ್ಮನ ಶಕ್ತಿಯನ್ನು ಎಂಎಸ್ಸಿಗೆ ಉಳಿಸಿಕೊಳ್ಳಿ ಅಂತ ಅಷ್ಟೇ. ಎಂಎಸ್ಸಿ ಒಳ್ಳೆಯ ಕಡೆ ಸಿಕ್ಕಿ ಆಗ ಎರಡು ಲಕ್ಷ ಸಾಲ ಆದರೆ ನಾನೇ ಮಾಡಿ ಅಂತೇನೆ. ಈ ಮೂರು ವರ್ಷದ ಬೇಸಗೆ ರಜೆಗಳಲ್ಲಿ ಎಲ್ಲಾದರೂ ಲ್ಯಾಬಿನಲ್ಲಿ ಕೆಲಸ ಕಲಿಯಲಿ. ಪ್ರೊಫೆಸರ್‌ಗಳಿಗೆ ಅವಳೇ ಪತ್ರ ಬರೆಯಲಿ, ಆ ಬಂಡೆಗಳ ಪುಸ್ತಕದ ನಾಲ್ಕು ಪುಟದ ಫೋಟೋ ಅದಕ್ಕೆ ಲಗತ್ತಿಸಲಿ. ದಿನಾಂಕ, ಜಾಗ, ನೀರಿನ ಮಟ್ಟ ಬರೆದಿಟ್ಟಿದ್ದರೆ ಅದು ಯಾವ ಮಾರ್ಕ್ಸ್ ಕಾರ್ಡಿಗಿಂತಲೂ ದೊಡ್ಡದು.

ಕಾಪು_ಅಪ್ಪ:
ದಿನಾಂಕ, ಜಾಗ ಎಲ್ಲ ಬರೆದಿದ್ದಾಳೆ ಮೇಡಂ. ನೀರಿನ ಮಟ್ಟ ಇಲ್ಲ, ಇನ್ನು ಬರೆಯುತ್ತಾಳಂತೆ.

ನಾವು ಮೂವರೂ ಕೂತು ಮಾತಾಡಿದೆವು. ಶನಿವಾರ ಎಕ್ಕೂರಿಗೆ ಹೋಗ್ತೇವೆ. ಅವಳಿಗೆ ಹಿಡಿಸಿದರೆ ಸಿಇಟಿ ಆಪ್ಷನ್‌ನಲ್ಲಿ ಫಿಶರೀಸ್ ಮೊದಲು. ಅದು ಸಿಗದಿದ್ದರೆ ಅಥವಾ ಹಿಡಿಸದಿದ್ದರೆ ಉಡುಪಿಯ ಸರಕಾರಿ ಕಾಲೇಜು, ಆಮೇಲೆ ಕೋಡಿಬಾಗವೋ ಕೊಣಾಜೆಯೋ ನೋಡುವುದು. ಖಾಸಗಿ ಕಾಲೇಜಿನವರು ಈ ವಾರವೇ 25,000 ಕಟ್ಟಿ ಸೀಟು ಹಿಡಿದಿಡಿ ಅಂತ ಫೋನ್ ಮಾಡ್ತಾ ಇದ್ದಾರೆ. ಕಟ್ಟಿ ಆಮೇಲೆ ಬೇಡ ಅಂದರೆ ವಾಪಸ್ ಕೊಡ್ತಾರಾ?

ನಿವೃತ್ತ_ಮ್ಯಾನೇಜರ್:
ವಾಪಸ್ ಮಾಡುವ ನಿಯಮವನ್ನು ಬರಹದಲ್ಲಿ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬರಹದಲ್ಲಿ ಕೊಡದಿದ್ದರೆ ಒಂದು ಪೈಸೆ ಕಟ್ಟಬೇಡಿ. ಮತ್ತೆ, ಫಿಶರೀಸ್ ಸೀಟು ಆದರೂ ನಾಲ್ಕು ವರ್ಷದ ಹಾಸ್ಟೆಲು, ಊಟಕ್ಕೆ ಸ್ವಲ್ಪ ಸಾಲ ಬೇಕಾಗಬಹುದು. 4 ಲಕ್ಷದ ಒಳಗೆ ಇದ್ದರೆ ನಿಮ್ಮ ಕೈಯಿಂದ ಮಾರ್ಜಿನ್ (ಖರ್ಚಿನಲ್ಲಿ ನಿಮ್ಮ ಪಾಲು) ಹಾಕಬೇಕಿಲ್ಲ. ಅದು ವೃತ್ತಿಪರ ಕೋರ್ಸು, ನಿಮ್ಮ ಆದಾಯ 4.5 ಲಕ್ಷದ ಒಳಗೆ ಉಂಟು, ಬಡ್ಡಿ ಸಬ್ಸಿಡಿಗೆ ಅರ್ಜಿ ಹಾಕಿ ನೋಡಿ. ಅಲಾಟ್‌ಮೆಂಟ್ ಪತ್ರ, ಕಾಲೇಜಿನ ಫೀಸು ಪಟ್ಟಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರ, ಇಬ್ಬರ ಪಾನ್, ಆಧಾರ್, ಮಾರ್ಕ್ಸ್ ಕಾರ್ಡು, ಮನೆ ಸಾಲದ ಪಾಸ್‌ಬುಕ್ಕು ಎಲ್ಲ ಹಿಡಿದುಕೊಂಡು ನಿಮ್ಮ ಮನೆ ಸಾಲ ಇರುವ ಬ್ರಾಂಚಿಗೇ ಹೋಗಿ. ಕಂತು ಸರಿಯಾಗಿ ಕಟ್ಟಿಕೊಂಡು ಬಂದಿದ್ದೀರಿ ಅಂತ ಅವರಿಗೆ ಗೊತ್ತಿರ್ತದೆ.

ಕಾಪು_ಅಪ್ಪ:
ಆದಾಯ ಪ್ರಮಾಣಪತ್ರ ಎರಡು ವರ್ಷ ಹಿಂದಿನದ್ದು ಸರ್, ನಡೀತದಾ?

ನಿವೃತ್ತ_ಮ್ಯಾನೇಜರ್:
ಹಳೆಯದನ್ನು ನಂಬಿ ಹೋಗಬೇಡಿ. ಸೋಮವಾರವೇ ನಾಡಕಚೇರಿಗೆ ಹೋಗಿ ಹೊಸದಕ್ಕೆ ಅರ್ಜಿ ಹಾಕಿ. ಸೀಟು ಹಂಚಿಕೆಯ ಹೊತ್ತಿಗೆ ಅಲ್ಲಿ ಸಾಲು ಉದ್ದ ಇರ್ತದೆ.